ಅಮ್ಮನ ಮುಖದ ಮೇಲೆ ಎರಡು ಗೆರೆ

ಜನವರಿ ೧೧

ಸೊಟ್ಟಿ,

ಕವರಿನ ಮೇಲೆ ನನ್ನ ಕೈಬರಹ ನೋಡಿ ಇದನ್ನು ಒಡೆಯದೆ ಎರಡು ದಿನ ಮೇಜಿನ ಮೇಲೆ ಇಟ್ಟಿರುತ್ತೀಯ ಎಂದು ನನಗೆ ಗೊತ್ತು. ಇಡು. ಒಂಬತ್ತು ವರ್ಷ ಕಾದ ಮಾತು ಇನ್ನೆರಡು ದಿನಕ್ಕೆ ಹಳಸುವುದಿಲ್ಲ. ನಿನ್ನ ವಿಳಾಸ ಚಿಕ್ಕಪ್ಪನ ಮಗ ಕೊಟ್ಟ. "ನಾನು ಕೊಟ್ಟೆ ಅಂತ ಮಾತ್ರ ಹೇಳ್ಬೇಡ" ಎಂದಿದ್ದ. ಹೇಳಿಬಿಟ್ಟೆ, ಪಾಪ.

ನಾನು ಚೆನ್ನಾಗಿದ್ದೇನೆ. ಬಲಗೈ ಮಣಿಕಟ್ಟು ಮಾತ್ರ ಚೆನ್ನಾಗಿಲ್ಲ. ಪ್ರೆಸ್ಸಿನ ಚಕ್ರ ಎಳೆದೂ ಎಳೆದೂ ಒಳಗಿನ ಕೀಲು ಸವೆದಿದೆಯಂತೆ. ಡಾಕ್ಟರಮ್ಮ ಹೆಚ್ಚುಕಮ್ಮಿ ನಿನ್ನ ವಯಸ್ಸಿನವಳು. ನನ್ನ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇನ್ನು ಈ ಕೈಗೆ ವಿಶ್ರಾಂತಿ ಕೊಡಿ" ಎಂದಳು. "ಕೈಗೆ ಕೊಡ್ತೀನಮ್ಮ, ಮಿಕ್ಕಿದ್ದಕ್ಕೆ ಏನು ಕೊಡ್ಲಿ?" ಎಂದು ಕೇಳಿದೆ. ಅವಳಿಗೆ ನಗು ಬರಲಿಲ್ಲ. ಉಗುರಿನ ಸಂದಿಯ ಮಸಿ ನೋಡಿ ಏನೋ ಚರ್ಮರೋಗ ಎಂದುಕೊಂಡು ಮುಲಾಮು ಬೇರೆ ಬರೆದುಕೊಟ್ಟಳು.

ವಿಷಯ ಇಷ್ಟು. ಪ್ರೆಸ್ಸನ್ನು ಕಲಾಶಾಲೆಗೆ ಕೊಡುತ್ತಿದ್ದೇನೆ. ಏಪ್ರಿಲ್ ಕೊನೆಗೆ ಬಂದು ಬಿಚ್ಚಿ ಒಯ್ಯುತ್ತಾರೆ. ಅಪ್ಪ ನಿಲ್ಲಿಸಿದ ಯಂತ್ರ. ನಾವಿಬ್ಬರೂ ಅದರ ಹೊಟ್ಟೆಯಡಿ ಕೂತು ಮನೆಯಾಟ ಆಡಿದ್ದು, ನಿನ್ನ ಜಡೆ ಹಲ್ಲುಚಕ್ರಕ್ಕೆ ಸಿಕ್ಕಿ ಅಪ್ಪ ಕತ್ತರಿ ಹಾಕಿದ್ದು, ಅಮ್ಮ ಒಂದು ವಾರ ಅಪ್ಪನ ಹತ್ತಿರ ಮಾತು ಬಿಟ್ಟದ್ದು, ಇದನ್ನೆಲ್ಲ ಕಲಾಶಾಲೆಯವರಿಗೆ ಹೇಳಲಿಲ್ಲ. ಹೇಳಿದರೆ ಹೆದರಿ ಬೇಡ ಎನ್ನುತ್ತಾರೆ.

ಕಪಾಟಿನಲ್ಲಿರುವ, ಚಿತ್ರ ಅಚ್ಚು ಹಾಕುವ ತಾಮ್ರದ ತಗಡುಗಳನ್ನು ವಿಂಗಡಿಸುತ್ತಿದ್ದೇನೆ. ನೀನು ಬರೆದವು ಹದಿನೆಂಟು ಇವೆ. ಹದಿನೇಳರ ಹಳೆಯ ಕಾಗದ ಬಿಡಿಸಿ, ಒರೆಸಿ, ಹೊಸ ಕಾಗದ ಸುತ್ತಿಟ್ಟೆ. ಹದಿನೆಂಟನೆಯದನ್ನು ಬಿಡಿಸಲಿಲ್ಲ. ಅದು ಯಾವುದೆಂದು ನಿನಗೆ ಹೇಳಬೇಕಾಗಿಲ್ಲ.

ಪ್ರೆಸ್ಸು ಹೋಗುವ ಮುಂಚೆ ಒಂದು ಸಲ ಬಾ. ಮಗಳನ್ನೂ ಕರೆದುಕೊಂಡು ಬಾ. ಆರು ತಿಂಗಳ ಕೂಸಾಗಿದ್ದಾಗ ನೋಡಿದ್ದು, ಈಗ ಅದಕ್ಕೆ ದೊಡ್ಡಮ್ಮ ಒಬ್ಬಳಿದ್ದಾಳೆ ಎಂಬುದಾದರೂ ಗೊತ್ತಿದೆಯೋ ಇಲ್ಲವೋ. ನಿನ್ನ ಕೈಯಿಂದ ಏನಾದರೂ ಒಂದು ಹೊಸದು ಬರೆ, ನಾನು ಕೊನೆಯ ಸಲ ಚಕ್ರ ಎಳೆದು ಒಂದು ಪ್ರತಿ ತೆಗೆಯುತ್ತೇನೆ. ಮಣಿಕಟ್ಟು ಅಷ್ಟಕ್ಕೆ ಒಪ್ಪುತ್ತದೆ, ಕೇಳಿ ನೋಡಿದ್ದೇನೆ.

ಬೇಡ ಎಂದು ಬರೆಯುವುದಾದರೂ ಸರಿ, ಬರೆ.

ನಿನ್ನ ಅಕ್ಕ


ಫೆಬ್ರವರಿ ೩

ಅಕ್ಕ,

ಎರಡು ದಿನವಲ್ಲ, ಒಂಬತ್ತು ದಿನ ಇಟ್ಟಿದ್ದೆ.

ನಾವು ಚೆನ್ನಾಗಿದ್ದೇವೆ. ನಾನು ನಕ್ಷೆ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಬೇರೆಯವರು ಅಳೆದು ತಂದ ರಸ್ತೆ, ಚರಂಡಿ, ಗಡಿ ಎಲ್ಲವನ್ನೂ ತೆಳುಕಾಗದದ ಮೇಲೆ ಇಳಿಸುವ ಕೆಲಸ. ಇಲ್ಲಿ ಗೆರೆ ಸೊಟ್ಟಗಾಗುವಂತಿಲ್ಲ. ಹಾಗಾಗಿ ಆ ಹೆಸರಿನಿಂದ ಇಲ್ಲಿ ಯಾರೂ ನನ್ನನ್ನು ಕರೆಯುವುದಿಲ್ಲ. ನಿನ್ನ ಮನೆ ಬಿಟ್ಟ ಮೇಲೆ ತಗಡಿನ ಮೇಲೆ ಬರೆಯುವ ಎಚಿಂಗ್ ಸೂಜಿ ಮುಟ್ಟಿಲ್ಲ.

ತಗಡುಗಳನ್ನು ಏನು ಮಾಡಲಿ ಎಂದು ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಹದಿನೆಂಟನ್ನೂ ಗುಜರಿಗೆ ಹಾಕು. ಹದಿನೆಂಟನೆಯದನ್ನು ಮೊದಲು ಹಾಕು.

ಅಮ್ಮ ಹೋಗಿ ಆಗ ತಿಂಗಳೂ ಆಗಿರಲಿಲ್ಲ. ಅವಳ ಮುಖ ಅಂತ ಇದ್ದದ್ದು ಆ ಒಂದು ತಗಡು. ನೀನು ಹನ್ನೆರಡು ಪ್ರತಿ ತೆಗೆದು ಮುಗಿಸಿದೆ, ಕೈ ತೊಳೆದುಕೊಂಡು ಬಂದೆ, ನನ್ನ ಎದುರಿಗೇ ಅಮ್ಮನ ಮುಖದ ಮೇಲೆ ಎರಡು ಗೆರೆ ಅಡ್ಡ ಎಳೆದೆ. ನಾನು ಬೇಡ ಎಂದೆ. ಮೂರು ಸಲ ಎಂದೆ. ನೀನು "ನಿಯಮ ಅಂದ್ರೆ ನಿಯಮ. ನಿನಗೊಂದು, ಊರಿಗೊಂದು ಮಾಡಕ್ಕಾಗಲ್ಲ" ಎಂದೆ. ಆ ಮಾತನ್ನು ನಾನು ಮರೆತಿಲ್ಲ, ಮರೆಯಬೇಕು ಎಂದೂ ಅನ್ನಿಸಿಲ್ಲ.

ಬರುವುದಿಲ್ಲ. ಕೈ ನೋಡಿಕೋ.

ತಂಗಿ


ಫೆಬ್ರವರಿ ೧೨

ಸೊಟ್ಟಿ,

(ಇಲ್ಲಿ ಆ ಹೆಸರು ಇನ್ನೂ ನಡೆಯುತ್ತದೆ.)

ಗುಜರಿಗೆ ಹಾಕುವುದಿಲ್ಲ. ನೀನು ಹೇಳಿದ್ದನ್ನೆಲ್ಲ ಕೇಳುವುದಾಗಿದ್ದರೆ ನಾನು ನಿನಗೆ ತಂಗಿಯಾಗಿ ಹುಟ್ಟಬೇಕಿತ್ತು.

ನಿಯಮದ ಮಾತು ಎತ್ತಿದ್ದೀಯ. ಅದು ನಾನು ಹುಟ್ಟಿಸಿದ್ದಲ್ಲ. ಹನ್ನೆರಡು ಪ್ರತಿ ಎಂದು ಒಪ್ಪಿದರೆ ಹನ್ನೆರಡೇ, ಮೇಲೊಂದು ಮುದ್ರಿಸಿದವರ ಪಾಲು. ಆಮೇಲೆ ಆ ತಗಡನ್ನು ಕೆಡಿಸಬೇಕು, ಅದೂ ಬರೆದವರ ಕಣ್ಣೆದುರಿಗೆ. ಕೆಡಿಸದೆ ಇಟ್ಟರೆ ನಾಳೆ ಯಾರೋ ಕದ್ದು ಹದಿನೈದನೆಯದು, ಐವತ್ತನೆಯದು ತೆಗೆಯುತ್ತಾರೆ. ಅಪ್ಪನ ಪ್ರೆಸ್ಸಿನಿಂದ ಹೊರಬಿದ್ದ ಪ್ರತಿಯ ಮೇಲಿನ ಸಂಖ್ಯೆಯನ್ನು ಯಾರೂ ಯಾವತ್ತೂ ಅನುಮಾನಿಸಲಿಲ್ಲ ಎಂದರೆ ಅದಕ್ಕೆ ಈ ನಿಯಮವೇ ಕಾರಣ. ಇದನ್ನು ನಿನಗೆ ನಾನು ಹೇಳಿಕೊಡಬೇಕಾ?

ಹೋಗಲಿ ಬಿಡು. ಮೊನ್ನೆ ಕಲಾಶಾಲೆಯ ಮೇಷ್ಟ್ರು ಹನ್ನೊಂದು ಜನ ಹುಡುಗ ಹುಡುಗಿಯರನ್ನು ಕರೆದುಕೊಂಡು ಬಂದಿದ್ದರು. ಪ್ರೆಸ್ಸು ಬರುವ ಮುಂಚೆ ಅದು ಹೇಗೆ ನಡೆಯುತ್ತದೆಂದು ನೋಡಲಿ ಅಂತ. ನಾನು ಹೊಸ ಬಟ್ಟೆ ಉಟ್ಟು ನಿಂತಿದ್ದೆ. ನಗಬೇಡ. ಹತ್ತು ನಿಮಿಷಕ್ಕೆ ಅದರ ಮೇಲೂ ಮಸಿ ಬಿತ್ತು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನಮ್ಮದು ಕೈಯೂ ಮಸಿ, ಬಾಯಿಯೂ ಮಸಿ.

ಒಂದು ಚಿಕ್ಕ ತಗಡು ತೆಗೆದುಕೊಂಡು ಮೊದಲಿನಿಂದ ಮಾಡಿ ತೋರಿಸಿದೆ. ಬಿಸಿ ಮಾಡಿ ಮೇಣ ಸವರಿದೆ, ಮೋಂಬತ್ತಿಯ ಹೊಗೆ ಹಿಡಿದು ಕಪ್ಪು ಮಾಡಿದೆ. ಒಬ್ಬ ಹುಡುಗಿಯ ಕೈಗೆ ಸೂಜಿ ಕೊಟ್ಟು ಏನಾದರೂ ಬರೆ ಎಂದೆ. ಒಂದು ಬೆಕ್ಕು ಬರೆದಳು. ಸೂಜಿ ಹೋದಲ್ಲಿ ಮೇಣ ಸರಿದು ತಾಮ್ರ ಮಿಂಚಿತು. "ಇಷ್ಟೇನಾ? ಕೆತ್ತೋದು ಬೇಡ್ವಾ?" ಎಂದು ಕೇಳಿದಳು. "ನೀನು ದಾರಿ ಬಿಟ್ಟುಕೊಡು ಸಾಕು, ಕೆತ್ತೋದು ಆಸಿಡ್ಡಿನ ಕೆಲಸ" ಎಂದೆ. ತಗಡನ್ನು ಆಸಿಡ್ ತಟ್ಟೆಯಲ್ಲಿ ಮುಳುಗಿಸಿದೆ. ಗೆರೆಯ ಮೇಲೆ ಏಳುವ ಗುಳ್ಳೆಗಳನ್ನು ಹಕ್ಕಿಗರಿಯಿಂದ ಸವರುತ್ತ, ತೆಗೆಯುವ ಹೊತ್ತನ್ನು ಅಂದಾಜಿನಲ್ಲಿ ಹಿಡಿಯುತ್ತ ನಿಂತೆ. ಗಡಿಯಾರ ನೋಡುವುದಿಲ್ಲವೇ ಎಂದು ಮೇಷ್ಟ್ರು ಕೇಳಿದರು. ಗಡಿಯಾರಕ್ಕೆ ತಾಮ್ರದ ಗುಣ ಗೊತ್ತಿಲ್ಲವಲ್ಲ. ಆಮೇಲೆ ಮೇಣ ಕಳೆದು, ಮಸಿ ತುಂಬಿ, ಅರಿವೆಯಿಂದ ಒರೆಸಿ, ಕೊನೆಗೆ ಬರಿ ಅಂಗೈಯಿಂದ ಒರೆಸಿ, ಒದ್ದೆ ಕಾಗದ ಹಾಸಿ ಚಕ್ರ ಎಳೆದೆ. ಬೆಕ್ಕು ಬಂತು. ಹುಡುಗರು ಚಪ್ಪಾಳೆ ತಟ್ಟಿದರು. ನನಗೂ ಖುಷಿಯಾಯಿತು, ಯಾಕೆ ಸುಳ್ಳು ಹೇಳಲಿ.

ಅವರಿಗೆ ಅಪ್ಪನ ನಿಯಮವನ್ನೂ ಹೇಳಿದೆ. ಆಗ ಆ ಬೆಕ್ಕಿನ ಹುಡುಗಿಯೇ, "ತಗಡನ್ನ ಕೆಡಿಸೋದು ಹೇಗೆ, ಅದನ್ನೂ ತೋರಿಸಿ" ಎಂದಳು. ನಾನು ಮೊಳೆ, ಸುತ್ತಿಗೆ ತಂದು, ಅಪ್ಪ ಮಾಡುತ್ತಿದ್ದ ಹಾಗೆ, ಚಿತ್ರದ ಹೊರಗೆ ತಗಡಿನ ಮೂಲೆಯಲ್ಲಿ ಒಂದು ಸಣ್ಣ ತೂತು ಹೊಡೆದೆ. ಹೆಸರುಕಾಳಿನಷ್ಟು.

"ಅಷ್ಟೇನಾ?" ಎಂದಳು.

"ಅಷ್ಟೇ. ಮತ್ತೆ ಪ್ರತಿ ತೆಗೆದ್ರೆ ಆ ತೂತು ಕಾಗದದ ಮೇಲೆ ಬೀಳತ್ತೆ, ಕಳ್ಳತನ ಗೊತ್ತಾಗತ್ತೆ. ಪಾಪ, ಬೆಕ್ಕಿನ ಮೇಲೆ ಯಾಕೆ ಕೈ ಮಾಡಬೇಕು?" ಎಂದೆ.

ಎಂದವಳೇ ಸುತ್ತಿಗೆ ಮೇಜಿನ ಮೇಲಿಟ್ಟು ಸ್ಟೂಲಿನ ಮೇಲೆ ಕೂತುಬಿಟ್ಟೆ. ಮೇಷ್ಟ್ರು ನನಗೆ ದಣಿವಾಗಿದೆ ಎಂದುಕೊಂಡು ಹುಡುಗರನ್ನು ಹೊರಡಿಸಿದರು.

ಈ ಪತ್ರವನ್ನೂ ಇಲ್ಲಿಗೇ ನಿಲ್ಲಿಸುತ್ತೇನೆ.

ಅಕ್ಕ


ಮಾರ್ಚ್ ೬

ಅಕ್ಕ,

ಮೂಲೆಯಲ್ಲಿ ಒಂದು ತೂತು.

ಅಪ್ಪ ನಲವತ್ತು ವರ್ಷ ಮಾಡಿದ್ದು ಅದನ್ನೇ. ನನಗೂ ಗೊತ್ತಿತ್ತು. ಅವತ್ತು ನೀನು ನಿಯಮ ಎಂದಾಗ, ಅಪ್ಪನ ನಿಯಮ ತೂತಿನದು, ಇದು ಯಾರ ನಿಯಮ ಅಂತ ಕೇಳಬೇಕಿತ್ತು. ಕೇಳಲಿಲ್ಲ. ನಿನ್ನ ಮುಖ ನೋಡಿ ನನಗೆ ಹೆದರಿಕೆಯಾಯಿತು. ಮಗುವನ್ನು ಎತ್ತಿಕೊಂಡು, ಹನ್ನೆರಡು ಪ್ರತಿಗಳ ಸುರುಳಿ ಕಂಕುಳಲ್ಲಿಟ್ಟುಕೊಂಡು ಮಧ್ಯಾಹ್ನದ ಬಸ್ಸು ಹತ್ತಿದೆ. ಆ ಹನ್ನೆರಡನ್ನೂ ವರ್ಷ ತುಂಬುವುದರೊಳಗೆ ಅವರಿವರಿಗೆ ಕೊಟ್ಟು ಮುಗಿಸಿದೆ. ಗೋಡೆಯ ಮೇಲೆ ಅಮ್ಮನನ್ನು ನೋಡಿದಾಗೆಲ್ಲ ಕೆಡಿಸಿದ ತಗಡೇ ಕಣ್ಣಿಗೆ ಬರುತ್ತಿತ್ತು. ಈಗ ಒಂದನ್ನಾದರೂ ಇಟ್ಟುಕೊಳ್ಳಬೇಕಿತ್ತು ಅನ್ನಿಸುತ್ತದೆ. ಮಗಳು ಅಜ್ಜಿ ಹೇಗಿದ್ದರು ಎಂದು ಕೇಳುತ್ತಾಳೆ. ಬಾಯಲ್ಲಿ ಹೇಳುತ್ತೇನೆ. ಬಾಯಲ್ಲಿ ಹೇಳಿದರೆ ಎಲ್ಲರ ಅಜ್ಜಿಯೂ ಒಂದೇ ಥರ ಇರುತ್ತಾರೆ.

ನೀನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದು ನಿಲ್ಲಿಸಿದ್ದೀಯ. ನಾನು ನೇರವಾಗಿ ಕೇಳುತ್ತೇನೆ. ಬೆಕ್ಕಿನ ಮೇಲೆ ಕೈ ಮಾಡಲಾರದವಳು ಅಮ್ಮನ ಮೇಲೆ ಯಾಕೆ ಕೈ ಮಾಡಿದೆ?

ಇದಕ್ಕೆ ಉತ್ತರ ಇದ್ದರೆ ಬರೆ. ನಿಯಮ ಎನ್ನುವುದಾದರೆ ಬರೆಯಬೇಡ.

ತಂಗಿ


ಮಾರ್ಚ್ ೨೮

ಸೊಟ್ಟಿ,

ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು. ಇದನ್ನು ಮತ್ತೆ ಓದದೆ ಅಂಟಿಸಿ ಅಂಚೆಗೆ ಹಾಕುತ್ತೇನೆ.

ನಿಯಮ ಅಲ್ಲ. ಮೊಳೆ, ಸುತ್ತಿಗೆ ಅವತ್ತೂ ಮೇಜಿನ ಮೇಲೇ ಇದ್ದವು. ನಾನು ಅವನ್ನು ಸರಿಸಿ ಉಳಿ ಕೈಗೆ ತೆಗೆದುಕೊಂಡೆ. ಏನು ಮಾಡುತ್ತಿದ್ದೇನೆಂದು ಗೊತ್ತಿದ್ದೇ ಮಾಡಿದೆ. ಹೊಟ್ಟೆಕಿಚ್ಚಿನಿಂದ ಮಾಡಿದೆ.

ಮೊದಲ ಪ್ರತಿ ತೆಗೆದಾಗ ನೀನು ಮಗುವಿಗೆ ಹಾಲು ಕೊಡಲು ಒಳಗೆ ಹೋಗಿದ್ದೆ. ನಾನೊಬ್ಬಳೇ ಕಾಗದದ ಎರಡು ಮೂಲೆ ಹಿಡಿದು ಮೆಲ್ಲಗೆ ಎತ್ತಿದೆ. ಅಮ್ಮ ಬಂದಳು. ಆದರೆ ಅವಳು ನನ್ನ ಅಮ್ಮ ಅಲ್ಲ. ಕಣ್ಣು ಅವಳದೇ, ಮೂಗು ಅವಳದೇ, ಬಾಯಿಯ ಪಕ್ಕದ ಮಡಿಕೆಯೂ ಅವಳದೇ. ಎಲ್ಲ ಸೇರಿದರೆ ಬೇರೆ ಯಾರೋ. ನಾಲ್ಕು ವರ್ಷ ಅವಳಿಗೆ ಸ್ನಾನ ಮಾಡಿಸಿದವಳು ನಾನು, ತಲೆ ಬಾಚಿದವಳು ನಾನು, ತುತ್ತು ಹಾಕಿ ಬಾಯಿ ಒರೆಸಿದವಳು ನಾನು. ಆ ಮುಖ ಕತ್ತಲಲ್ಲಿ ಮುಟ್ಟಿದರೂ ನನ್ನ ಅಂಗೈಗೆ ಗೊತ್ತಾಗುತ್ತಿತ್ತು. ಅಂಥ ನನಗೇ ಗುರುತು ಸಿಗದ ಒಂದು ಮುಖ ನಿನ್ನ ಚಿತ್ರದಲ್ಲಿತ್ತು. ಅದರಲ್ಲಿ ಎಂಥ ಅಕ್ಕರೆ ಇತ್ತು, ಸೊಟ್ಟಿ! ನನ್ನನ್ನು ಅವಳು ಹಾಗೆ ನೋಡಿದ್ದನ್ನು ನಾನು ಕಂಡೇ ಇಲ್ಲ. ನನ್ನ ಪಾಲಿಗೆ ಬಂದದ್ದು "ಮಾತ್ರೆ ಕೊಟ್ಯಾ?", "ಕಿಟಕಿ ಹಾಕು", "ಕಾಲು ಸ್ವಲ್ಪ ಒತ್ತು". ಈ ಮುಖವನ್ನು ಅಮ್ಮ ನನಗೆ ತೋರಿಸದೆ ಬಚ್ಚಿಟ್ಟಿದ್ದಳು, ನೀನು ಎರಡು ತಿಂಗಳಿಗೆಂದು ಬಂದೆ, ತೆಗೆದುಕೊಟ್ಟಳು, ಎಂದುಕೊಂಡೆ.

ಆಮೇಲೆ ಅವಳ ನೋಟ ಎತ್ತ ಇದೆ ಎಂದು ನೋಡಿದೆ. ಎದುರಿಗೆ ಕೂತ ನಿನ್ನ ಮೇಲೂ ಇರಲಿಲ್ಲ, ಸ್ವಲ್ಪ ಪಕ್ಕಕ್ಕಿತ್ತು. ನೀನು ಬರೆದ ದಿನ ಕೋಣೆ ಹೇಗಿತ್ತು ನೆನಪು ಮಾಡಿಕೋ. ಅಮ್ಮನ ಕುರ್ಚಿಯ ಎಡಕ್ಕೆ ಪ್ರೆಸ್ಸು, ಅಲ್ಲಿ ನಾನು. ಬಲಕ್ಕೆ ನಿನ್ನ ಮಗುವಿನ ತೊಟ್ಟಿಲು. ಅಚ್ಚಿನಲ್ಲಿ ಎಡಬಲ ಅದಲುಬದಲಾಗದಿರಲೆಂದು ನೀನು ಯಾವಾಗಲೂ ಕನ್ನಡಿ ಇಟ್ಟುಕೊಂಡೇ ಬರೆಯುವವಳು, ಹಾಗಾಗಿ ಪ್ರತಿಯಲ್ಲಿ ಕಂಡ ದಿಕ್ಕೇ ನಿಜವಾದ ದಿಕ್ಕು. ಪ್ರತಿಯಲ್ಲಿ ಅಮ್ಮ ತನ್ನ ಬಲಕ್ಕೆ ನೋಡುತ್ತಿದ್ದಳು. ತೊಟ್ಟಿಲ ಕಡೆಗೆ.

ಹಾಲು ಕುಡಿಯುವ ಕೂಸಿನ ಮೇಲೆ ಹೊಟ್ಟೆಕಿಚ್ಚು ಪಟ್ಟೆ ನಾನು. ಬರೆಯುವಾಗ ಕೈ ನಾಚುತ್ತದೆ. ನನಗೆ ತೊಟ್ಟಿಲು ತೂಗುವ ಯೋಗ ಬರಲಿಲ್ಲ, ಬೇಕು ಎಂದು ನಾನು ಹಟ ಮಾಡಿದವಳೂ ಅಲ್ಲ. ಆದರೆ ಆ ಹನ್ನೆರಡು ಪ್ರತಿ ತೆಗೆಯುವಾಗ, ಒಂದೊಂದು ಸಲವೂ ಆ ಮುಖವನ್ನು ನನ್ನ ಅಂಗೈಯಿಂದಲೇ ಒರೆಸಿ ಒರೆಸಿ, ಒಂದೊಂದು ಸಲವೂ ಅವಳು ನನ್ನ ಬಿಟ್ಟು ಆ ಕಡೆ ನೋಡುವುದನ್ನು ಕಂಡು ಕಂಡು, ಒಳಗೇ ಬೆಂದುಹೋದೆ. ಹನ್ನೆರಡು ಮುಗಿಯುವ ಹೊತ್ತಿಗೆ ನಾನು ನಾನಾಗಿರಲಿಲ್ಲ. ಉಳಿ ಎಳೆಯು‌ವಾಗ ತಾಮ್ರ ಕಿರುಗುಟ್ಟಿದ್ದು ಈಗಲೂ ಕಿವಿಯಲ್ಲಿದೆ.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ. ಅದು ನನಗೆ ಅವತ್ತೇ ಗೊತ್ತಾಯಿತು. ನಿನ್ನ ಹಿಂದೆ ಬಸ್ ನಿಲ್ದಾಣದವರೆಗೂ ಬಂದಿದ್ದೆ. ಬಸ್ಸು ಹೋಗಿಯಾಗಿತ್ತು. ಮಾರನೆಯ ದಿನ ಪತ್ರ ಬರೆಯಬಹುದಿತ್ತು. ಬರೆದರೆ ಕಾರಣ ಹೇಳಬೇಕಾಗುತ್ತಿತ್ತು. ಹೊಟ್ಟೆಕಿಚ್ಚಿನವಳು ಎನ್ನಿಸಿಕೊಳ್ಳುವುದಕ್ಕಿಂತ ನಿಯಮದವಳು ಎನ್ನಿಸಿಕೊಳ್ಳುವುದು ಲೇಸು ಎಂದುಕೊಂಡು ಒಂಬತ್ತು ವರ್ಷ ಕಳೆದೆ.

ಮುದ್ರಿಸಿದವರ ಪಾಲಿನ ಪ್ರತಿ ನನ್ನ ಹತ್ತಿರ ಇದೆ. ಮಗುಚಿ ಇಟ್ಟಿದ್ದೆ. ಇವತ್ತು ತೆಗೆದು ನೋಡಿದೆ. ಇವತ್ತೂ ಆ ಮುಖ ನನಗೆ ಗುರುತಿಲ್ಲ.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತಿದ್ದೇನೆ.

ಅಕ್ಕ


ಏಪ್ರಿಲ್ ೨೪

ಅಕ್ಕ,

ನಿನ್ನ ಪತ್ರ ಬಂದು ಮೂರು ವಾರವಾಯಿತು. ಕಚೇರಿಯಲ್ಲಿ ಒಂದು ರಸ್ತೆಯನ್ನು ಕೆರೆಯ ಮೇಲೆ ಎಳೆದು ಬೈಸಿಕೊಂಡೆ. ಒಂದು ವಿಷಯ ನಿನಗೆ ಹೇಳಬೇಕೋ ಬಾರದೋ ಎಂದು ಒದ್ದಾಡಿದೆ. ಹೇಳದಿದ್ದರೆ ನಿನಗೆ ಅಮ್ಮನ ಮೇಲಿನ ಬೇಸರ ಹಾಗೇ ಉಳಿಯುತ್ತದೆ. ಹೇಳಿದರೆ ನಿನ್ನ ಮೇಲೆ ನಿನಗೇ ಬೇಸರ ಬರುತ್ತದೆ. ಯಾವುದು ಕಮ್ಮಿ ನೋಯುತ್ತದೆ ಎಂದು ನನಗೆ ತಿಳಿಯಲಿಲ್ಲ. ಕೊನೆಗೆ, ಅಮ್ಮನ ಮೇಲೆ ಸುಳ್ಳು ಹೊರೆ ಇರುವುದು ಬೇಡ ಎಂದು ಬರೆಯುತ್ತಿದ್ದೇನೆ.

ಅವತ್ತು ನಾನು ಕನ್ನಡಿ ಇಟ್ಟುಕೊಂಡಿರಲಿಲ್ಲ.

ತಗಡಿನಲ್ಲಿ ಇದ್ದದ್ದು ಕಾಗದದ ಮೇಲೆ ತಿರುಗಿ ಬೀಳುತ್ತದೆ, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಅದಕ್ಕೇ ಅಪ್ಪ ನಮಗೆ ಎದುರಿಗೆ ಕೂತವರನ್ನು ನೇರ ನೋಡದೆ, ಕನ್ನಡಿಯಲ್ಲಿ ನೋಡಿ ಬರೆಯಲು ಕಲಿಸಿದ್ದ. ಎರಡು ಸಲ ತಿರುಗಿ ಸರಿಯಾಗುತ್ತದೆ ಎಂದು. ಅವತ್ತೂ ನಾನು ಕನ್ನಡಿ ತಂದು ನಿಲ್ಲಿಸಿದೆ. ಅದರಲ್ಲಿ ಅಮ್ಮನಿಗೆ ಅವಳ ಮುಖ ಕಂಡಿತು. ಎಷ್ಟೋ ತಿಂಗಳಿಂದ ಅವಳು ಕನ್ನಡಿ ನೋಡಿರಲಿಲ್ಲ. "ಬೇಡ ಕಣೇ, ತೆಗಿ ಅದನ್ನ" ಎಂದಳು. ತೆಗೆದು ಒಳಗಿಟ್ಟು ಬಂದೆ. ನೇರವಾಗಿ ಅವಳನ್ನೇ ನೋಡಿ ತಗಡಿನ ಮೇಲೆ ಬರೆದೆ. ಮುಖ ತಾನೇ, ತಿರುಗಿದರೇನು ಎಂದುಕೊಂಡೆ. ನಿನಗೆ ಹೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಮೂವತ್ತು ವರ್ಷ ಪ್ರತಿ ತೆಗೆದವಳಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ ಎಂದುಕೊಂಡೆ.

ನೀನು ಕಾಗದದ ಮೇಲೆ ನೋಡಿದ್ದು ತಿರುಗಿದ ಅಮ್ಮನನ್ನು. ನಿನಗೆ ಗುರುತು ಸಿಗದೆ ಇದ್ದದ್ದು ಅದಕ್ಕೆ. ಅಮ್ಮ ಯಾರಿಗೂ ಬೇರೆ ಮುಖ ಎತ್ತಿಟ್ಟಿರಲಿಲ್ಲ, ಅಕ್ಕ.

ಅವಳು ನೋಡಿದ್ದು ತನ್ನ ಎಡಕ್ಕೆ. ನಿನ್ನನ್ನು.

ಅವತ್ತು ನಾನು ಎರಡು ಸಲ ಸ್ಟೂಲು ಸರಿಸಿದೆ. ನಾನು ಅಡ್ಡ ಬಂದಾಗೆಲ್ಲ ಅವಳು ನಿನ್ನನ್ನು ನೋಡಲು ಕತ್ತು ಚಾಚುತ್ತಿದ್ದಳು. ನೀನು ಬೆಳಗಿನಿಂದ ಪ್ರೆಸ್ಸಿನ ಮುಂದೆ ನಿಂತೇ ಇದ್ದೆ. ಯಾರದೋ ತಗಡು ಒರೆಸುತ್ತಿದ್ದೆ. ಅಮ್ಮ ನನಗೆ ಮೆಲ್ಲಗೆ, "ಅವಳಿಗೆ ಸ್ವಲ್ಪ ಹೊತ್ತು ಕೂತ್ಕೋ ಅನ್ನೇ. ನಾನು ಹೇಳಿದ್ರೆ ಕೇಳಲ್ಲ. ನನ್ನ ದೆಸೆಯಿಂದ ಅವಳ ಜೀವ ಹೀಗೆ ನಿಂತೇ ಹೋಯ್ತು" ಎಂದಳು. ನಾನು ಕೂಗಿ ಹೇಳಿದೆ, "ಅಕ್ಕಾ, ಅಮ್ಮ ಕೂತ್ಕೋ ಅಂತಿದ್ದಾಳೆ". ನೀನು ಆ ಕಡೆಯಿಂದಲೇ, "ನಾನು ಕೂತ್ರೆ ಕೆಲಸ ಯಾರು ಮಾಡ್ತಾರೆ, ನಿನ್ನ ತೊಟ್ಟಿಲು ಎದ್ದು ಬರತ್ತಾ?" ಎಂದೆ. ಅಮ್ಮ ನಕ್ಕಳು. ನಕ್ಕು, ನಿನ್ನನ್ನು ನೋಡುತ್ತಲೇ ಉಳಿದಳು. ನಾನು ಬರೆದದ್ದು ಆ ಮುಖವನ್ನು. ಆ ದಿನ ಕೈ ತಾನಾಗಿಯೇ ಓಡಿತು.

ನಿನಗೆ ಕೊಡಬೇಕೆಂದೇ ಮಾಡಿದ ಚಿತ್ರ ಅದು. ಬಾಯಿಬಿಟ್ಟು ಹೇಳಲಿಲ್ಲ, ನೋಡಿದರೆ ತಿಳಿಯುತ್ತದೆ ಎಂದು ಬಿಟ್ಟೆ. ಅದರ ಮೇಲೆ ನೀನು ಉಳಿ ಎಳೆದಾಗ, ಅಮ್ಮನ ಅಕ್ಕರೆ ತನಗೆ ಬೇಡ ಎಂದು ಇವಳು ಮುಖಕ್ಕೇ ಹೊಡೆಯುತ್ತಿದ್ದಾಳೆ ಎಂದುಕೊಂಡೆ. ಅಮ್ಮನ ಪರವಾಗಿ ಒಂಬತ್ತು ವರ್ಷ ನಿನ್ನ ಮೇಲೆ ಸಿಟ್ಟಾಗಿದ್ದೆ. ಅಮ್ಮ ಇದ್ದಿದ್ದರೆ ನನಗೇ ಎರಡು ಬಾರಿಸುತ್ತಿದ್ದಳು.

ಒಂದೇ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ನಾನೂ ಹೇಳಲಿಲ್ಲ, ನೀನೂ ಕೇಳಲಿಲ್ಲ.

ಪ್ರೆಸ್ಸು ಹೋಗುವುದರೊಳಗೆ ಬರಲಾರೆ. ಮನಸ್ಸು ಬಂದಿದೆ, ಕಾಲು ಇನ್ನೂ ಬಂದಿಲ್ಲ. ಸಿಟ್ಟಿನಿಂದ ಹೇಳುತ್ತಿಲ್ಲ ಎಂದು ನಂಬು.

ನಿನ್ನ ಸೊಟ್ಟಿ


ಮೇ ೨

ಸೊಟ್ಟಿ,

ಪ್ರೆಸ್ಸು ಹೋಯಿತು. ಮೊನ್ನೆ ಆರು ಜನ ಬಂದು ಮಧ್ಯಾಹ್ನದವರೆಗೂ ಬಿಚ್ಚಿದರು. ನೆಲದಲ್ಲಿ ಅದರ ಕಾಲಿದ್ದ ಕಡೆ ನಾಲ್ಕು ಗುಂಡಿ ಬಿದ್ದಿವೆ. ಕೋಣೆ ಇಷ್ಟು ದೊಡ್ಡದು ಎಂದು ನನಗೆ ಗೊತ್ತೇ ಇರಲಿಲ್ಲ.

ನಿನ್ನ ಪತ್ರ ಅವರಿಗಿಂತ ಒಂದು ಗಂಟೆ ಮುಂಚೆ ಬಂತು. ನಿಂತೇ ಓದಿದೆ. ಓದಿ, ಮಡಿಸಿ, ಯಾವ ನಟ್ಟು ಎಲ್ಲಿಯದು ಎಂದು ಅವರಿಗೆ ತೋರಿಸುತ್ತಿದ್ದೆ. ಏನು ತೋರಿಸಿದೆನೋ ಜ್ಞಾಪಕವಿಲ್ಲ. ಅಲ್ಲಿ ಹೋಗಿ ಜೋಡಿಸುವಾಗ ನಾಲ್ಕು ನಟ್ಟು ಮಿಕ್ಕರೆ ಅದು ನಿನ್ನ ಪತ್ರದ ದೆಸೆಯಿಂದ.

ಅವರು ಹೋದ ಮೇಲೆ ಹದಿನೆಂಟನೆಯದನ್ನು ಬಿಡಿಸಿದೆ. ತಾಮ್ರ ಕಪ್ಪಾಗಿತ್ತು. ಒರೆಸಿ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ತಗಡಿನಲ್ಲಿ ಅಮ್ಮ ತಿರುಗಿಲ್ಲ, ಇದ್ದ ಹಾಗೇ ಇದ್ದಾಳೆ. ಅಷ್ಟು ವರ್ಷ ಪ್ರತಿ ತೆಗೆದೆನಲ್ಲ, ತಗಡಿನಲ್ಲಿ ನಾನು ನೋಡುತ್ತಿದ್ದದ್ದು ಮಸಿ ತುಂಬಿತಾ, ಹೆಚ್ಚಾಯಿತಾ, ಅಷ್ಟನ್ನೇ. ಚಿತ್ರ ಎಂದರೆ ಕಾಗದದ ಮೇಲೆ ಬಂದದ್ದು ಎಂದುಕೊಂಡಿದ್ದೆ. ಹನ್ನೆರಡು ಸಲ, ಹದಿಮೂರು ಸಲ, ನನ್ನ ಕೈಯಡಿಯಲ್ಲೇ ಅವಳು ಸರಿಯಾಗಿ ಇದ್ದಳು. ಸರಿಯಾಗಿ ಇದ್ದ ಆ ಒಂದರ ಮೇಲೇ ನಾನು ಉಳಿ ಎಳೆದೆ.

ಒಂದು ಗೆರೆ ಹುಬ್ಬಿನಿಂದ ಗಲ್ಲದವರೆಗೆ ಹೋಗಿದೆ, ಇನ್ನೊಂದು ಕೆನ್ನೆಯಿಂದ ಬಾಯಿಗೆ. ಒಂದು ಕಣ್ಣು ಪೂರ್ತಿ ಉಳಿದಿದೆ. ಅಷ್ಟೇ ಸಾಕಾಯಿತು. ನೋಡಿದ ಕೂಡಲೇ ಗುರುತು ಸಿಕ್ಕಿತು. "ಮಾತ್ರೆ ಕೊಟ್ಯಾ?" ಎನ್ನುವಾಗ ಅವಳು ಹೀಗೇ ನೋಡುತ್ತಿದ್ದಳು. "ಕಿಟಕಿ ಹಾಕು" ಎನ್ನುವಾಗಲೂ ಹೀಗೇ. ನನಗೆ ದಿನಾ ಸಿಗುತ್ತಿದ್ದದ್ದೇ ಇದು. ದಿನಾ ಸಿಗುತ್ತಿತ್ತು ಅಂತ ಅದಕ್ಕೆ ನಾನು ಹೆಸರಿಟ್ಟಿರಲಿಲ್ಲ.

ತುಂಬಾ ಅತ್ತೆ. ಇದನ್ನು ನಿನ್ನ ಹತ್ತಿರ ಮುಚ್ಚಿಡಬೇಕಾಗಿಲ್ಲ.

ಗೆರೆಗಳನ್ನು ಉಜ್ಜಿ ತೆಗೆಯಬಹುದಲ್ಲ ಎಂದು ನೀನು ಹೇಳಬಹುದು. ಗೆರೆ ತೆಗೆಯಬೇಕಾದರೆ ಅದರ ಸುತ್ತಲಿನ ಮುಖವನ್ನೂ ಉಜ್ಜಬೇಕಾಗುತ್ತದೆ. ಇನ್ನು ಅವಳ ಮೇಲೆ ನಾನು ಕೈ ಮಾಡುವುದಿಲ್ಲ. ತಗಡು ನನ್ನ ಹತ್ತಿರ ಹೀಗೇ ಇರಲಿ. ನನ್ನ ಪಾಲಿನ ಪ್ರತಿಯನ್ನು ಇದರ ಜೊತೆ ಕಳಿಸುತ್ತಿದ್ದೇನೆ, ಮಗಳಿಗೆ ಅಜ್ಜಿಯನ್ನು ತೋರಿಸು. ಎಡಬಲ ತಿರುಗಿದ ಅಜ್ಜಿ ಎಂದು ಹೇಳು, ಮಕ್ಕಳಿಗೆ ಅದು ಬೇಗ ಅರ್ಥವಾಗುತ್ತದೆ. ಕಾಲು ಬಂದ ದಿನ ಇಬ್ಬರೂ ಬನ್ನಿ. ಪ್ರೆಸ್ಸಿಲ್ಲದಿದ್ದರೂ ಮನೆ ಇದೆ, ನಾನಿದ್ದೇನೆ.

ಒಂದು ಮಾತು ಉಳಿಯಿತು. ನೀನು ಬರೆದ ಆ ದಿನವನ್ನು ಎರಡು ದಿನದಿಂದ ನೆನಪು ಮಾಡಿಕೊಳ್ಳುತ್ತಿದ್ದೇನೆ. ನಾನು ಒರೆಸುತ್ತಿದ್ದದ್ದು ಯಾರೋ ತಂದುಕೊಟ್ಟ ಒಂದು ಸೇತುವೆಯ ಚಿತ್ರ, ಮೂವತ್ತು ಪ್ರತಿಯ ಕೆಲಸ. ಆ ಸೇತುವೆಗೆ ಹದಿನಾಲ್ಕು ಕಂಬ ಇದ್ದವು. ಮೂರನೆಯ ಕಂಬದ ಬುಡದಲ್ಲಿ ಮಸಿ ನಿಲ್ಲುತ್ತಿರಲಿಲ್ಲ, ಅದಕ್ಕೆ ಬಟ್ಟೆಯ ತುದಿ ಸುತ್ತಿ ಒತ್ತುತ್ತಿದ್ದೆ. ನೀನು ಕೂಗಿದ್ದು ನೆನಪಿದೆ, ನಾನು ಕೊಟ್ಟ ಉತ್ತರ ನೆನಪಿದೆ, ಅಮ್ಮ ನಕ್ಕ ಸದ್ದು ಕೂಡ ನೆನಪಿದೆ. ಅವಳ ಮುಖ ಮಾತ್ರ ಎಷ್ಟು ಕೆದಕಿದರೂ ಬರುತ್ತಿಲ್ಲ. ಎಲ್ಲಿಂದ ಬರಬೇಕು? ಅವಳು ಅಷ್ಟು ಹೊತ್ತು ನನ್ನನ್ನೇ ನೋಡುತ್ತಿದ್ದಳು, ನಾನು ಒಂದು ಸಲವೂ ತಲೆ ಎತ್ತಲಿಲ್ಲ.

ನಿನ್ನ ಅಕ್ಕ